ಮೀನಿನ ತೊಟ್ಟಿಯ ಫಿಲ್ಟರು: ಕೊಳ್ಳುವ ಮೊದಲು ತೊಳೆಯುವ ಮಾತು

ಹಿತ್ತಿಲಿನಲ್ಲಿ ತೊಟ್ಟಿ ಕಟ್ಟಿ, ಅದೇ ನೀರನ್ನು ಸೋಸಿ ಪುನಃ ಪುನಃ ಬಳಸಿ ಮೀನು ಬೆಳೆಸುವ ಪದ್ಧತಿಯ ಬಗ್ಗೆ ಈಗ ಅನೇಕ ಹಳ್ಳಿಗಳಲ್ಲಿ ಮಾತು ಕೇಳಿಬರುತ್ತಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇಂಥ ಘಟಕಗಳನ್ನೂ ಸೇರಿಸಿ, ಘಟಕ ವೆಚ್ಚದ ಶೇ. 40ರಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಮಹಿಳೆಯರಿಗೂ ಶೇ. 60ರಷ್ಟು ಸಹಾಯಧನ ಗೊತ್ತುಪಡಿಸಿದ ಮೇಲೆ, ಕೆರೆಯಿಲ್ಲದ ಊರಿನವರೂ ಮೀನು ಸಾಕಣೆಗೆ ಮನಸ್ಸು ಮಾಡಿದರು. ಇದು ಸಂತೋಷದ ಸಂಗತಿಯೇ. ಆದರೆ ಸಹಾಯಧನ ಕಳೆದು ಉಳಿದದ್ದು ರೈತನ ಸ್ವಂತ ಗಂಟು, ಇಲ್ಲವೇ ಬ್ಯಾಂಕಿನ ಸಾಲ. ಆ ಹಣದಲ್ಲಿ ದೊಡ್ಡ ಪಾಲನ್ನು ನುಂಗುವ ಸಾಧನ ಫಿಲ್ಟರು. ಆದುದರಿಂದ ಅದರ ಆಯ್ಕೆಯ ಬಗ್ಗೆ ನನಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಘಟಕ ಹಾಕಲು ಹೊರಟ ರೈತರು ಸಾಮಾನ್ಯವಾಗಿ ಕೈಯಲ್ಲಿ ಎರಡು ಮೂರು ಬೆಲೆಪಟ್ಟಿ ಹಿಡಿದು ಬರುತ್ತಾರೆ. "ಇದು 60 ಮೈಕ್ರಾನಿನದು, ಅದು 100 ಮೈಕ್ರಾನಿನದು, ಯಾವುದು ಒಳ್ಳೆಯದು?" ಎಂದು ಕೇಳುತ್ತಾರೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಂಕಿ ಕಡಿಮೆಯಾದಷ್ಟೂ ಸಣ್ಣ ಕಸ ಸಿಕ್ಕುತ್ತದೆ ಎಂಬುದು ನಿಜ. ಆದರೆ ನಾನು ಅವರನ್ನು ಮರುಪ್ರಶ್ನೆ ಮಾಡುವುದುಂಟು: ಇದನ್ನು ತೊಳೆಯುವವರು ಯಾರು? ದಿನಕ್ಕೆ ಎಷ್ಟು ಸಲ? ಕರೆಂಟು ಹೋದಾಗ ಇದರ ಹೊಟ್ಟೆಯೊಳಗೆ ಏನಾಗುತ್ತದೆ? ಈ ಮೂರಕ್ಕೂ ಉತ್ತರ ಸಿಗದ ಫಿಲ್ಟರನ್ನು, ಅದು ಎಷ್ಟೇ ನಯವಾಗಿ ಸೋಸಲಿ, ಹಿತ್ತಿಲಿನ ತೊಟ್ಟಿಗೆ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣವನ್ನು ಲೆಕ್ಕದಿಂದಲೇ ತಿಳಿಯೋಣ. ನಿಮ್ಮದು 10,000 ಲೀಟರಿನ ತೊಟ್ಟಿ ಎಂದಿಟ್ಟುಕೊಳ್ಳಿ. ಅದರಲ್ಲಿ ಗಿಫ್ಟ್ ತಳಿಯ ಟಿಲಾಪಿಯಾ, ಅಂದರೆ ಪೇಟೆಯಲ್ಲಿ ಜಿಲೇಬಿ ಎಂದು ಕರೆಯುವ ಮೀನು, 200 ಕಿ.ಗ್ರಾಂ. ಇದೆ. ಮೀನಿನ ತೂಕದ ಶೇ. 2ರಂತೆ ದಿನಕ್ಕೆ 4 ಕಿ.ಗ್ರಾಂ. ತಿಂಡಿ ಹಾಕುತ್ತೀರಿ. ಇದರಲ್ಲಿ ಸುಮಾರು ಕಾಲು ಭಾಗ, ಅಂದರೆ ಒಣ ತೂಕದಲ್ಲಿ ಒಂದು ಕಿ.ಗ್ರಾಂ., ಹಿಕ್ಕೆಯಾಗಿ ನೀರಿಗೇ ಬೀಳುತ್ತದೆ. ನೀರು ಕುಡಿದು ಉಬ್ಬಿದಾಗ ಅದು ಮೂರು ನಾಲ್ಕು ಕೊಡದಷ್ಟು ಗಸಿಯಾಗುತ್ತದೆ. ಇದಲ್ಲದೆ ಮೀನು ತನ್ನ ಕಿವಿರುಗಳ ಮೂಲಕ ಬಿಡುವ ಅಮೋನಿಯಾ ಬೇರೆ. ತಿಂಡಿಯಲ್ಲಿ ಶೇ. 32 ಸಸಾರಜನಕವಿದ್ದರೆ, ಈ 4 ಕಿ.ಗ್ರಾಂ. ತಿಂಡಿಯಿಂದ ದಿನಕ್ಕೆ ಸುಮಾರು 120 ಗ್ರಾಂ ಸಾರಜನಕ ಅಮೋನಿಯಾ ರೂಪದಲ್ಲಿ ಹೊರಬರುತ್ತದೆ. ಕರಗಿದ ಅಮೋನಿಯಾವನ್ನು ಯಾವ ಬಲೆಯೂ ಹಿಡಿಯಲಾರದು. ಅದು ಸೂಕ್ಷ್ಮಾಣುಜೀವಿಗಳ ಕೆಲಸ. ಆದರೆ ಹಿಕ್ಕೆಯನ್ನು ಹಿಡಿಯುವುದು ನಮ್ಮ ಕೈಯಲ್ಲೇ ಇದೆ. ನಾನು ಹೇಳುತ್ತಿರುವುದು ಈ ಎರಡನೆಯ ಕೆಲಸದ ಫಿಲ್ಟರಿನ ಬಗ್ಗೆ ಮಾತ್ರ.

ದನದ ಕೊಟ್ಟಿಗೆಯನ್ನು ನೆನಪಿಗೆ ತಂದುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಸೆಗಣಿ ಇಡಿಯಾಗಿರುವಾಗ ಬಾಚಿದರೆ ಎರಡು ಮಂಕರಿಯಲ್ಲಿ ಕೆಲಸ ಮುಗಿಯಿತು. ಹೊತ್ತೇರುವವರೆಗೆ ಬಿಟ್ಟರೆ ದನ ತುಳಿದು, ಗಂಜಳದಲ್ಲಿ ಕಲಸಿ, ನೆಲವೆಲ್ಲ ರಾಡಿಯಾಗುತ್ತದೆ; ಆಮೇಲೆ ಎಷ್ಟು ನೀರು ಸುರಿದರೂ ಸಾಲದು. ಮೀನಿನ ತೊಟ್ಟಿಯಲ್ಲೂ ಹೀಗೆಯೇ. ಈಗ ತಾನೇ ಬಿದ್ದ ಹಿಕ್ಕೆ ಎಳೆಯಂತೆ ಗಟ್ಟಿಯಾಗಿರುತ್ತದೆ, ತಳಕ್ಕೆ ಇಳಿಯುತ್ತದೆ. ಕೆಲವು ಗಂಟೆ ನೀರಿನಲ್ಲಿ ತಿರುಗಿ, ಮೋಟರಿನ ಚಕ್ರಕ್ಕೆ ಸಿಕ್ಕಿದರೆ ಅದು ಹಿಟ್ಟಿನಂತಾಗಿ ನೀರಿನಲ್ಲೇ ತೇಲುತ್ತದೆ. ಆ ನಯವಾದ ಕಸ ಮೀನಿನ ಕಿವಿರಿಗೆ ಅಂಟುತ್ತದೆ, ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ಕೊಳೆತಷ್ಟೂ ಇನ್ನಷ್ಟು ಅಮೋನಿಯಾ ಬಿಡುತ್ತದೆ. ಮತ್ತೊಂದು ಕೇಡು ಕಣ್ಣಿಗೆ ಕಾಣದು. ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುವ ಸೂಕ್ಷ್ಮಾಣುಜೀವಿಗಳು ನಿಧಾನವಾಗಿ ಬೆಳೆಯುವಂಥವು. ಕೊಳೆಯುವ ಕಸವನ್ನು ತಿನ್ನುವ ಜೀವಿಗಳಾದರೋ ಬೇಗ ಬೇಗ ಹೆಚ್ಚಿ ಅವುಗಳ ಜಾಗವನ್ನೂ ಆಮ್ಲಜನಕವನ್ನೂ ಆಕ್ರಮಿಸುತ್ತವೆ. ಹೀಗೆ ಕಸ ಹಿಡಿಯುವ ಫಿಲ್ಟರು ಸೋತರೆ ಅಮೋನಿಯಾ ತೆಗೆಯುವ ಫಿಲ್ಟರೂ ಸೋಲುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಮನಗಾಣಬೇಕು. ಫಿಲ್ಟರು ಕಸವನ್ನು ನಾಶ ಮಾಡುವುದಿಲ್ಲ. ತೊಟ್ಟಿಯಲ್ಲಿದ್ದುದನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅಷ್ಟೇ. ತೊಟ್ಟಿಯ ನೀರು ಆ ಕಸವನ್ನು ಹಾದೇ ಹಿಂದಿರುಗುತ್ತಿರುವುದರಿಂದ, ನೀವು ಅದನ್ನು ಹೊರಗೆ ಚೆಲ್ಲುವವರೆಗೆ ಅದು ತೊಟ್ಟಿಯೊಳಗೇ ಇದ್ದ ಹಾಗೆ. ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಬಣ್ಣದ ಮೀನು, ಜೀವಂತ ಹವಳ ಸಾಕುವ ಹವ್ಯಾಸಿಗಳಿಗೆ ಈ ಪಾಠ ಚೆನ್ನಾಗಿ ಗೊತ್ತು. ಹವಳ ಮೀನಿಗಿಂತ ಸೂಕ್ಷ್ಮ. ಅವರು ಕಾಲುಚೀಲದಂಥ ದಪ್ಪ ಬಟ್ಟೆಯ ಚೀಲದಲ್ಲಿ ನೀರು ಸೋಸುತ್ತಾರೆ, ಮತ್ತು ಎರಡು ಮೂರು ದಿನಕ್ಕೊಮ್ಮೆ ಚೀಲ ಬದಲಾಯಿಸುತ್ತಾರೆ. ವಾರಗಟ್ಟಲೆ ಬಿಟ್ಟರೆ ಅದೇ ಚೀಲ ನೈಟ್ರೇಟಿನ ಗುಂಡಿಯಾಗುತ್ತದೆಂದು ಅವರು ಅನುಭವದಿಂದ ಕಂಡುಕೊಂಡಿದ್ದಾರೆ. ತೊಳೆಯಲು ಬೇಸರಪಟ್ಟವರಿಗಾಗಿ, ಕಸ ಕಟ್ಟಿದ ಬಟ್ಟೆ ತಾನಾಗಿಯೇ ಸುತ್ತಿಕೊಂಡು ಹೊಸ ಬಟ್ಟೆ ಮುಂದೆ ಬರುವ ಸುರುಳಿ ಯಂತ್ರವೂ ಬಂದಿದೆ. ನೂರು ಲೀಟರಿನ ಷೋಕಿಗೆ ಅದು ಸರಿ. ದಿನಕ್ಕೆ ನಾಲ್ಕು ಕಿಲೋ ತಿಂಡಿ ಹಾಕುವವರಿಗೆ ಬಟ್ಟೆಯ ಖರ್ಚೇ ಲಾಭವನ್ನು ತಿಂದುಬಿಡುತ್ತದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮ ರೈತರಿಗೆ ಹನಿ ನೀರಾವರಿಯ ಮರಳು ಫಿಲ್ಟರು ಪರಿಚಿತ. ಅದೇ ಮಾದರಿಯ, ಮುಚ್ಚಿದ ಉಂಡೆಯಾಕಾರದ ಒತ್ತಡದ ಮರಳು ಫಿಲ್ಟರನ್ನು ಮೀನಿನ ತೊಟ್ಟಿಗೂ ಕೂರಿಸುವುದನ್ನು ಅಲ್ಲಲ್ಲಿ ಕಾಣುತ್ತೇವೆ. ನೋಡಲು ಭದ್ರವಾಗಿರುತ್ತದೆ, ಮೊದಲ ತಿಂಗಳು ನೀರು ಕನ್ನಡಿಯಂತೆ ಬರುತ್ತದೆ. ಆದರೆ ಹನಿ ನೀರಾವರಿಯಲ್ಲಿ ನೀರು ಒಮ್ಮೆ ಹಾದು ಹೊಲಕ್ಕೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಅಲ್ಲಿ ಸಿಕ್ಕುವ ಕಸವೂ ಹೆಚ್ಚಾಗಿ ಪಾಚಿ, ಮಣ್ಣು. ಮೀನಿನ ಹಿಕ್ಕೆಯಾದರೋ ಜಿಡ್ಡು. ಮರಳನ್ನು ಉಂಡೆಗಟ್ಟಿಸುತ್ತದೆ.

2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಒಬ್ಬ ರೈತರ ಘಟಕವನ್ನು ನೋಡಲು ಹೋಗಿದ್ದೆ. ಇಂಥದೇ ಮರಳು ಫಿಲ್ಟರು. ಮೊದಮೊದಲು ದಿನವೂ ಹಿಮ್ಮುಖವಾಗಿ ನೀರು ಹರಿಸಿ ತೊಳೆಯುತ್ತಿದ್ದರು. ಒಂದು ಸಲ ತೊಳೆಯಲು ನಾಲ್ಕೈದು ನೂರು ಲೀಟರು ಬೇಕು. ಮೀನು ದೊಡ್ಡದಾದಂತೆ ದಿನಕ್ಕೆರಡು ಸಲ ತೊಳೆಯಬೇಕಾಗಿತ್ತು; ಆದರೆ ಕೊಳವೆ ಬಾವಿಯ ನೀರು ಸಾಲದೆ ಮೂರು ದಿನಕ್ಕೊಮ್ಮೆ ತೊಳೆಯತೊಡಗಿದರು. ಒಂದು ರಾತ್ರಿ ಗಾಳಿಮಳೆಗೆ ತಂತಿ ಕಡಿದು ಒಂಬತ್ತು ಗಂಟೆಗೆ ಕರೆಂಟು ಹೋಯಿತು. ಗಾಳಿ ಪಂಪಿಗೆ ಬ್ಯಾಟರಿ ಇದ್ದುದರಿಂದ ಮೀನು ಚೆನ್ನಾಗಿಯೇ ಇದ್ದವು. ಮನೆಯವರೂ ಧೈರ್ಯವಾಗಿ ಮಲಗಿದರು. ಮೂರು ಗಂಟೆಗೆ ಕರೆಂಟು ಬಂತು, ಆಟೋ ಸ್ಟಾರ್ಟರು ಮೋಟರನ್ನು ಚಾಲೂ ಮಾಡಿತು. ಆರು ತಾಸು ಮುಚ್ಚಿದ ಫಿಲ್ಟರಿನಲ್ಲಿ ನಿಂತ ಗಸಿ, ಇದ್ದ ಆಮ್ಲಜನಕವನ್ನೆಲ್ಲ ತಿಂದು ಮುಗಿಸಿ ಕೊಳೆತಿತ್ತು. ಆ ಕಪ್ಪು ನೀರು ನೇರವಾಗಿ ತೊಟ್ಟಿಗೆ ನುಗ್ಗಿತು. ನಾನು ಹೋದಾಗಲೂ ಕೊಳೆತ ಮೊಟ್ಟೆಯ ವಾಸನೆ ಇತ್ತು. ಅದು ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಅತ್ಯಲ್ಪ ಪ್ರಮಾಣದಲ್ಲೂ ಮೀನಿಗೆ ವಿಷ. ಮಾರಾಟಕ್ಕೆ ಬಂದಿದ್ದ ಮೀನಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬುಟ್ಟಿಗಳಲ್ಲಿ ಹೊತ್ತು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಬ್ಯಾಟರಿ ಇಟ್ಟಿದ್ದೆನಲ್ಲ ಸ್ವಾಮಿ, ತಪ್ಪು ಎಲ್ಲಿ ಆಯಿತು ಎಂದು ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಈಗಾಗಲೇ ಇಂಥ ಫಿಲ್ಟರನ್ನು ಹಾಕಿಸಿಕೊಂಡವರು ಗಾಬರಿಯಾಗಬೇಕಿಲ್ಲ. ಇಂದೇ ಆ ಮೋಟರಿನ ಆಟೋ ಸ್ಟಾರ್ಟರನ್ನು ತೆಗೆಸಿಬಿಡಿ. ಅರ್ಧ ಗಂಟೆಗಿಂತ ಹೆಚ್ಚು ಕಾಲ ಕರೆಂಟು ಹೋಗಿದ್ದರೆ, ಬಂದ ಮೇಲೆ ಮೊದಲು ಹಿಮ್ಮುಖ ತೊಳೆತ ಮಾಡಿ ಆ ನೀರನ್ನು ಹೊರಗೆ ಬಿಟ್ಟು, ತಿಳಿನೀರು ಬಂದ ನಂತರವೇ ತೊಟ್ಟಿಗೆ ತಿರುಗಿಸಿ.

ಹೊಸದಾಗಿ ಆರಂಭಿಸುವವರಿಗೆ ನನ್ನ ಶಿಫಾರಸು ತೀರಾ ಸರಳ: ಗಸಿ ಕೂರಿಸುವ ಒಂದು ಪೀಪಾಯಿ. ಆದರೆ ಅದಕ್ಕೆ ತೊಟ್ಟಿ ಅನುಕೂಲವಾಗಿರಬೇಕು. ತೊಟ್ಟಿ ದುಂಡಾಗಿರಲಿ, ತಳ ನಡುವಿನ ಕಡೆಗೆ ಇಳಿಜಾರಾಗಿರಲಿ. ಒಳಬರುವ ನೀರನ್ನು ಅಂಚಿನಲ್ಲಿ ಓರೆಯಾಗಿ ಬಿಟ್ಟರೆ ಇಡೀ ತೊಟ್ಟಿಯ ನೀರು ನಿಧಾನವಾಗಿ ಸುತ್ತುತ್ತದೆ. ಲೋಟದಲ್ಲಿ ಕಾಫಿಯನ್ನು ಚಮಚದಿಂದ ತಿರುವಿ ಬಿಟ್ಟಾಗ ಚರಟ ನಡುವೆ ಬಂದು ಕೂರುವುದಿಲ್ಲವೆ? ಹಾಗೆಯೇ ಹಿಕ್ಕೆ ನಡುವಿಗೆ ಬರುತ್ತದೆ. ಚೌಕ ತೊಟ್ಟಿಯಲ್ಲಿ ಮೂಲೆ ಮೂಲೆಯಲ್ಲಿ ಗಸಿ ನಿಲ್ಲುತ್ತದೆ. ಅಲ್ಲಿ ಯಾವ ಫಿಲ್ಟರು ತಂದರೂ ಫಲ ಕಡಿಮೆ. ನಡುವಿನ ತೂತಿನಿಂದ ಒಟ್ಟು ಹರಿವಿನ ಐದನೆಯ ಒಂದು ಪಾಲನ್ನು ಮಾತ್ರ ಪೀಪಾಯಿಗೆ ಬಿಡಿ. ಉಳಿದ ನೀರನ್ನು, ಅದರಲ್ಲಿ ಕಸ ಕಡಿಮೆ, ಪಕ್ಕದ ಮೇಲಿನ ಕೊಳವೆಯಿಂದ ನೇರವಾಗಿ ಮುಂದಿನ ಹಂತಕ್ಕೆ ಬಿಡಿ.

ಪೀಪಾಯಿ ಎಂದರೆ ಪೇಟೆಯಲ್ಲಿ ಸಿಗುವ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಸಾಕು. ಮೊದಲು ಏನು ತುಂಬಿದ್ದರೆಂದು ವಿಚಾರಿಸಿಕೊಳ್ಳಿ, ಔಷಧಿ ಅಥವಾ ರಾಸಾಯನಿಕ ತುಂಬಿದ್ದುದು ಬೇಡ. ತಳವನ್ನು ಸಿಮೆಂಟಿನಿಂದ ಕೊಳವೆಯ ಬಾಯಿಯ ಕಡೆಗೆ ಇಳಿಜಾರು ಮಾಡಿ, ತಳದಲ್ಲಿ ಎರಡು ಅಂಗುಲದ ವಾಲ್ವ್ ಕೂರಿಸಿ. ಕಟ್ಟಿದ ಸಿಮೆಂಟನ್ನು ಕೆಲವು ದಿನ ನೀರು ಬದಲಾಯಿಸುತ್ತಾ ನೆನೆಸಿದ ನಂತರವೇ ಮೀನಿನ ನೀರು ಬಿಡತಕ್ಕದ್ದು. ತೊಟ್ಟಿಯಿಂದ ಬರುವ ಕೊಳವೆ ಪೀಪಾಯಿಯ ನಡುವಿನಲ್ಲಿ ಮೇಲಕ್ಕೇರಲಿ. ಅದರ ಮೇಲೆ ಒಂದು ಅಗಲ ಕೊಳವೆಯ ತುಂಡನ್ನೋ ತಳ ಕತ್ತರಿಸಿದ ಬಕೆಟನ್ನೋ ಕವಚದಂತೆ ತೂಗಿಬಿಡಿ. ನೀರು ಕವಚದೊಳಗೆ ಚಿಮ್ಮಿ, ಕೆಳಗಿಳಿದು, ಸುತ್ತಲೂ ಹರಡಿ, ಅಗಲವಾದ ಪೀಪಾಯಿಯಲ್ಲಿ ಬಹಳ ನಿಧಾನವಾಗಿ ಮೇಲೇರಿ ಬಾಯಿಯ ಸುತ್ತ ಕೊರೆದ ಕಚ್ಚುಗಳಿಂದ ಹೊರಬೀಳುತ್ತದೆ. ಭಾರವಾದ ಹಿಕ್ಕೆ ಆ ನಿಧಾನದ ಏರಿಕೆಯೊಂದಿಗೆ ಏರಲಾರದೆ ತಳದಲ್ಲಿ ಕೂರುತ್ತದೆ.

ನೀರನ್ನು ಪೀಪಾಯಿಯ ಗೋಡೆಗೆ ಓರೆಯಾಗಿ ಬಿಟ್ಟು ಸುಳಿ ತಿರುಗಿಸುವ ಇನ್ನೊಂದು ಮಾದರಿಯೂ ಇದೆ, ಮತ್ತು ಹೆಚ್ಚು ಮಂದಿ ಅದನ್ನೇ ಮಾಡುತ್ತಾರೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಎರಡನ್ನೂ ಹೋಲಿಸಿ ನೋಡಲಾಯಿತು. ಸುಳಿಯ ಮಾದರಿ ತೇಲುಕಸದ ಶೇ. 37ರಷ್ಟನ್ನು ಹಿಡಿದರೆ, ನಡುವಿನಿಂದ ಹರಡುವ ಮಾದರಿ ಶೇ. 78ರಷ್ಟನ್ನು ಹಿಡಿಯಿತು. ಅದು ತಣ್ಣೀರಿನ ಮೀನಿನ ಘಟಕ; ನಮ್ಮ ಬಿಸಿಲಿನಲ್ಲಿ ಅಂಕಿ ಅಷ್ಟೇ ಬರಬೇಕೆಂದಿಲ್ಲ. ಆದರೂ ಖರ್ಚು ಒಂದೇ ಆಗಿರುವಾಗ, ಹೆಚ್ಚು ಹಿಡಿಯುವುದನ್ನು ಬಿಟ್ಟು ಕಡಿಮೆ ಹಿಡಿಯುವುದನ್ನು ಮಾಡಿಸುವುದೇಕೆ?

ಒಂದು ಎಚ್ಚರಿಕೆ. ಈ ಅಳತೆಯ ಪೀಪಾಯಿಗೆ ನಿಮಿಷಕ್ಕೆ 40 ಲೀಟರಿಗಿಂತ ಹೆಚ್ಚು ನೀರು ಬಿಡಬೇಡಿ. 10 ಲೀಟರಿನ ಬಕೆಟು 15 ಸೆಕೆಂಡಿನಲ್ಲಿ ತುಂಬಿದರೆ ಅದು ನಿಮಿಷಕ್ಕೆ 40 ಲೀಟರು. ಅದಕ್ಕಿಂತ ಬೇಗ ತುಂಬಿದರೆ ಗಸಿ ಕೂರುವುದಿಲ್ಲ. ಮತ್ತು ಮೋಟರನ್ನು ಎಂದೂ ಪೀಪಾಯಿಗೆ ಮೊದಲು ಕೂರಿಸಬೇಡಿ. ನೀರು ತೊಟ್ಟಿಯಿಂದ ತಾನಾಗಿ ಇಳಿದು ಬರಲಿ; ಕಸ ತೆಗೆದ ಮೇಲೆ ಉಳಿದ ನೀರನ್ನಷ್ಟೇ ಮೋಟರು ಎತ್ತಲಿ. ಮೋಟರು ಮೊದಲು ಬಂದರೆ, ಸೆಗಣಿಯನ್ನು ದನದ ಕೈಲಿ ತುಳಿಸಿ ಆಮೇಲೆ ಬಾಚಲು ಹೋದಂತೆ.

ಪೀಪಾಯಿಯಲ್ಲಿ ಕೂರದ, ಸುಮಾರು 100 ಮೈಕ್ರಾನಿಗಿಂತ ಸಣ್ಣ ಕಸಕ್ಕೆ ಇನ್ನೊಂದು ತೆರೆದ ಡ್ರಮ್ಮಿನಲ್ಲಿ ಕುಂಚಗಳನ್ನೋ, ಒರಟು ನಾರಿನ ಚಾಪೆಗಳನ್ನೋ, ಹಾಳಾಗದ ನೆರಳು ಬಲೆಯ ಸುರುಳಿಗಳನ್ನೋ ಇಳಿಬಿಡಿ. ಇವು ಎಲ್ಲವನ್ನೂ ಹಿಡಿಯುತ್ತವೆಂದು ನಾನು ಹೇಳುವುದಿಲ್ಲ. ಆದರೆ ಎತ್ತಿ, ಅಂಗಳದಲ್ಲಿ ಝಾಡಿಸಿ, ಪೈಪಿನ ನೀರು ಬಿಟ್ಟು ಹತ್ತು ನಿಮಿಷದಲ್ಲಿ ಮತ್ತೆ ಇಡಬಹುದು. ಕಟ್ಟಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ಬಟ್ಟೆಯ ಚೀಲ ಇನ್ನೂ ನಯವಾಗಿ ಸೋಸುತ್ತದೆಯಾದರೂ, ಈ ಪ್ರಮಾಣದ ತಿಂಡಿಗೆ ದಿನದೊಳಗೇ ಕಟ್ಟಿಕೊಂಡು ನೀರು ಮೇಲಿಂದ ಉಕ್ಕುತ್ತದೆ. ಅಮೋನಿಯಾ ತೆಗೆಯುವ ಜೀವಿಗಳಿರುವ ಡ್ರಮ್ಮನ್ನು ಮಾತ್ರ ಹೀಗೆ ಉಜ್ಜಿ ತೊಳೆಯಬಾರದು. ಕ್ಲೋರಿನ್ ಬೆರೆತ ನಲ್ಲಿ ನೀರಂತೂ ಅದಕ್ಕೆ ತಗುಲಲೇಬಾರದು.

ತಿರುಗುವ ಜಾಲರಿಯ ಡ್ರಮ್ ಫಿಲ್ಟರಿನ ಬಗ್ಗೆ ನನಗೆ ದ್ವೇಷವಿಲ್ಲ. ಜಾಲರಿ ಕಟ್ಟಿಕೊಂಡ ಕೂಡಲೇ ತಾನೇ ತಿರುಗಿ, ನೀರು ಚಿಮ್ಮಿಸಿ ತೊಳೆದುಕೊಳ್ಳುವ ಈ ಯಂತ್ರ ನಿಜಕ್ಕೂ ಒಳ್ಳೆಯದು. ಕಸವನ್ನು ಕೊಳೆಯಲು ಬಿಡದೆ ಹೊರಗೆ ಹಾಕುತ್ತದೆ. ಆರೆಂಟು ತೊಟ್ಟಿ ಇಟ್ಟು, ಆಳು ಇಟ್ಟು, ಜನರೇಟರು ಇಟ್ಟು ವ್ಯಾಪಾರ ಮಾಡುವವರು ಅದನ್ನೇ ಕೊಳ್ಳಲಿ. ಆದರೆ ಒಂದೇ ತೊಟ್ಟಿಯವರಿಗೆ ಅದರ ಬೆಲೆ ಭಾರ. ಕೋಲಾರ, ಚಿತ್ರದುರ್ಗದ ಕಡೆಯಂತೆ ಕೊಳವೆ ಬಾವಿಯ ನೀರು ಗಡಸಾಗಿರುವಲ್ಲಿ ನೀರು ಚಿಮ್ಮಿಸುವ ಸಣ್ಣ ತೂತುಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಕೆಟ್ಟರೆ ರಿಪೇರಿಗೆ ಬರುವವನು ಯಾವ ಊರಿನಲ್ಲಿದ್ದಾನೆ, ಎಷ್ಟು ದಿನಕ್ಕೆ ಬರುತ್ತಾನೆ ಎಂಬುದನ್ನು ಬೆಲೆಗಿಂತ ಮೊದಲು ಕೇಳಿ.

ಬಯೋಫ್ಲಾಕ್ ಮಾಡಿದರೆ ಫಿಲ್ಟರೇ ಬೇಡವಲ್ಲ ಎನ್ನುವವರಿದ್ದಾರೆ. ಅದು ಬೇರೆ ಪದ್ಧತಿ. ಅಲ್ಲಿ ಕಸವನ್ನು ಬೇಕೆಂದೇ ನೀರಿನಲ್ಲಿ ತೇಲಿಸಿಟ್ಟು ಜೀವಿಗಳಿಂದ ತಿನ್ನಿಸುತ್ತಾರೆ. ಆದರೆ ಅಲ್ಲಿ ಗಾಳಿ ಒಂದು ಗಂಟೆ ನಿಂತರೂ ಅಪಾಯ, ಗಸಿ ಅತಿಯಾದರೆ ಅಲ್ಲೂ ಇದೇ ಪೀಪಾಯಿಯಲ್ಲಿ ಕೂರಿಸಿ ತೆಗೆಯಲೇಬೇಕು. ಇನ್ನೊಂದು ಮಾತನ್ನು ಫಿಲ್ಟರು ಮಾರುವವರು ನಿಮಗೆ ಹೇಳುವುದಿಲ್ಲ. ನಿಮ್ಮಲ್ಲಿ ದಿನವೂ ನೀರು ಹಾಯಿಸುವ ಎರಡೆಕರೆ ತೆಂಗು, ಬಾಳೆ ಅಥವಾ ಅಡಿಕೆ ತೋಟ ಇದ್ದರೆ, ನೀರನ್ನು ಸೋಸಿ ಮರುಬಳಸುವ ಘಟಕವೇ ನಿಮಗೆ ಬೇಕಾಗಿಲ್ಲ. ಕೊಳವೆ ಬಾವಿಯ ನೀರನ್ನು ಮೊದಲು ಚೆನ್ನಾಗಿ ಗಾಳಿಗೆ ಬೀಳಿಸಿ ಮೀನಿನ ತೊಟ್ಟಿಗೆ ಬಿಡಿ, ತೊಟ್ಟಿಯ ತಳದಿಂದ ಅಷ್ಟೇ ನೀರನ್ನು ತೋಟದ ಕಾಲುವೆಗೆ ಹರಿಸಿ. ಸಾವಿರಾರು ರೂಪಾಯಿ ಉಳಿಯಿತು, ಗೊಬ್ಬರವೂ ದೊರೆಯಿತು. ಮೀನಿನ ಸಂಖ್ಯೆಯನ್ನು ಮಾತ್ರ ನೀರಿನ ಹರಿವಿಗೆ ತಕ್ಕಂತೆ ಕಡಿಮೆ ಇಡಬೇಕು. ಸೋಸಿ ಮರುಬಳಸುವುದು ನೀರಿಗೆ ಬರವಿರುವವರ ಪದ್ಧತಿ. ನೀರಿರುವವರು ಅದಕ್ಕೆ ಹಣ ಸುರಿಯುವುದನ್ನು ನೋಡಿದರೆ ಕನಿಕರವಾಗುತ್ತದೆ.

ಎಲ್ಲಕ್ಕಿಂತ ಅಗ್ಗದ ಫಿಲ್ಟರು ನಿಮ್ಮ ಮನೆಯಲ್ಲೇ ಇದೆ: ಜರಡಿ. ತಿಂಡಿಯ ಚೀಲದ ತಳದಲ್ಲಿ ಉಳಿಯುವ ಹುಡಿಯನ್ನು ಹಲವರು ಹಾಳಾಗದಿರಲೆಂದು ತೊಟ್ಟಿಗೇ ಸುರಿಯುತ್ತಾರೆ. ದೊಡ್ಡ ಮೀನು ಆ ಹುಡಿಯನ್ನು ತಿನ್ನುವುದಿಲ್ಲ. ಜರಡಿ ಹಿಡಿದು ಹುಡಿಯನ್ನು ಕೋಳಿಗೆ ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ ಚೆಲ್ಲಿ.

ಪೀಪಾಯಿಯ ತಳದ ವಾಲ್ವನ್ನು ಬೆಳಗ್ಗೆ ಹಾಲು ಕರೆದ ಮೇಲೆ ಒಮ್ಮೆ, ಸಂಜೆ ತಿಂಡಿ ಹಾಕಿದ ಎರಡು ಗಂಟೆಯ ನಂತರ ಒಮ್ಮೆ ತೆರೆಯುವುದನ್ನು ರೂಢಿ ಮಾಡಿಕೊಳ್ಳಿ. ಕಂದು ಬಣ್ಣ ಹೋಗಿ ತಿಳಿನೀರು ಬರುವವರೆಗೆ ಬಿಟ್ಟರೆ ಸಾಕು, ಒಂದೆರಡು ನಿಮಿಷದ ಕೆಲಸ. ಕುಂಚ, ಚಾಪೆಗಳನ್ನು ದಿನ ಬಿಟ್ಟು ದಿನ ತೊಳೆಯಬೇಕು. ಮೀನು ದೊಡ್ಡದಾದ ಕೊನೆಯ ಎರಡು ತಿಂಗಳು ದಿನವೂ ತೊಳೆಯಬೇಕು. ಹೊರಬಂದ ಗಸಿನೀರನ್ನು ಚರಂಡಿಗಾಗಲಿ, ತೆರೆದ ಬಾವಿಯ ಬಳಿಗಾಗಲಿ, ಊರ ಕೆರೆಗಾಗಲಿ ಬಿಡದೆ, ಬಾಳೆಯ ಬುಡಕ್ಕೆ ಸರದಿಯ ಮೇಲೆ ಹಾಕಿ ಅಥವಾ ತಿಪ್ಪೆಗುಂಡಿಯ ಒಣ ಕಸದ ಮೇಲೆ ಸುರಿಯಿರಿ. ಮೀನಿಗೆ ಉಪ್ಪಿನ ಉಪಚಾರ ಮಾಡಿದ ದಿನಗಳಲ್ಲಿ ಮಾತ್ರ ಆ ನೀರು ಬೆಳೆಯ ಬುಡಕ್ಕೆ ಬೇಡ.